12 ವ್ಯಾಟ್ ಬಲ್ಬಿನ ಮೇಲೆ ವೈರ್ ಸುಟ್ಟಿದೆ, ಬಲ್ಬ್ ಚೆನ್ನಾಗೇ ಇದೆ. ಏನಿದು?

ನವನಗರದವ, ಬಾಗಲಕೋಟೆ:
ಎಲ್ಲರಿಗೂ ನಮಸ್ಕಾರ. ನಮ್ಮ ಬಚ್ಚಲು ಮನೆ ಬಾಗಿಲ ಎದುರು ಒಂದು ಲೈಟ್ ಇದೆ. ಛತ್ತಿಗೆ ಅಂಟಿದ ದುಂಡನೆ ಗಾಜಿನ ಡೂಮ್. ಒಳಗೆ ಪಿನ್ ಹೋಲ್ಡರ್, ಅದರಲ್ಲಿ 12 ವ್ಯಾಟ್ ಎಲ್‌ಇಡಿ ಬಲ್ಬ್. ಚಳಿ ಶುರುವಾದಾಗಿನಿಂದ ಬೆಳಗಿನ ಹೊತ್ತು ಮಾತ್ರ ಮಿಣುಕುತ್ತಿತ್ತು. ಸಂಜೆ ಏನೂ ಇಲ್ಲ. ಆಮೇಲೆ ವಾಸನೆ ಶುರುವಾಯಿತು. ಮೀನು ಹುರಿದ ಹಾಗೆ. ಅವ್ವ ಪಕ್ಕದ ಮನೆಯವರನ್ನು ಅನುಮಾನಿಸಿ ಸುಮ್ಮನಾದಳು.

ಡೂಮ್ ಇಳಿಸಿ ನೋಡಿದರೆ ಪ್ಲಾಸ್ಟಿಕ್ ಕನೆಕ್ಟರ್ ಅರ್ಧ ಕಂದು ಬಣ್ಣಕ್ಕೆ ತಿರುಗಿ ಸೊಟ್ಟಗಾಗಿದೆ. ಕಪ್ಪು ವೈರಿನ ಮೇಲ್ಪದರ ಬೆರಳಲ್ಲಿ ಮುಟ್ಟಿದರೆ ಚೂರು ಚೂರಾಗಿ ಉದುರುತ್ತದೆ. ಕೆಂಪು ವೈರ್ ಮಾತ್ರ ಹೊಸದರಂತೆ ಇದೆ. ಬಲ್ಬ್ ತೆಗೆದು ಬೇರೆ ಕಡೆ ಹಾಕಿದೆ, ಚೆನ್ನಾಗಿ ಉರಿಯುತ್ತಿದೆ. ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಒಮ್ಮೆಯೂ ಬಿದ್ದಿಲ್ಲ.

ಓಣಿಯಲ್ಲಿ ಕೆಲಸ ಮಾಡುವ ಒಬ್ಬರನ್ನು ಕರೆದೆ. ಅವರು ಲೈಟಿನ ಎಂಸಿಬಿ ಇಳಿಸಿ ಕಪ್ಪು ವೈರ್ ಬಿಚ್ಚಿದರು. ಚಟ್ ಅಂತ ಕಿಡಿ ಹಾರಿತು. ಟೆಸ್ಟರ್ ಇಟ್ಟರೆ ಕಪ್ಪು ವೈರಿನಲ್ಲಿ ದೀಪ ಹತ್ತುತ್ತಿದೆ. "ನಿಮ್ಮ ಮನೆ ವೈರಿಂಗೇ ಸರಿ ಇಲ್ಲ" ಅಂತ ಹೇಳಿ, ಟೇಪ್ ಸುತ್ತಿ ಹೋದರು. 12 ವ್ಯಾಟಿಗೆ ವೈರ್ ಸುಡುತ್ತದಾ? ಏನು ಮಾಡಲಿ?

ಇಳಕಲ್ ಹುಡುಗ:
ಅಣ್ಣಾ, ಹೋಲ್ಡರ್ ಲೋಕಲ್ ಮಾಲು ಇರಬೇಕು. ಐಎಸ್‌ಐ ಮಾರ್ಕಿನದು ತಂದು ಹಾಕಿ, ಕನೆಕ್ಟರ್ ಬದಲಿಸಿ. ಮುಗೀತು. ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ.

ಪರ್ಮಿಟ್ ವೈರ್‌ಮನ್, ವಿಜಯಪುರ:
ಇಳಕಲ್ ತಮ್ಮಾ, ಸ್ವಲ್ಪ ತಡಿ. ಇದು ಹೋಲ್ಡರಿನ ಕಥೆ ಅಲ್ಲ.

ನವನಗರದವರೇ, ಮೊದಲ ಮಾತು: ಆ ಟೇಪ್ ಸುತ್ತಿದ ಜಾಗಕ್ಕೆ ಕೈ ಹಾಕಬೇಡಿ. ಲೈಟಿನ ಎಂಸಿಬಿ ಇಳಿಸಿದರೆ ಸಾಲದು ಅಂತ ಆ ಕಿಡಿಯೇ ಹೇಳಿದೆ. ಮೀಟರ್ ಪಕ್ಕದ ಮೇನ್ ಇಳಿಸಿ. ಇನ್ವರ್ಟರ್ ಇದ್ದರೆ ಅದರ ಹಿಂದಿನ ಔಟ್‌ಪುಟ್ ಪಿನ್ ಕಿತ್ತು ಪಕ್ಕಕ್ಕಿಡಿ. ಮುಂದಿನ ಬಟನ್ ಒತ್ತಿದರೆ ಆಫ್ ಆಯಿತು ಅಂತ ನಂಬಬೇಡಿ, ಎಷ್ಟೋ ಇನ್ವರ್ಟರುಗಳಲ್ಲಿ ಬಟನ್ ಆಫ್ ಇದ್ದರೂ ಮೇನ್ ಲೈನ್ ಒಳಗಿನಿಂದ ಹಾಗೇ ಪಾಸಾಗುತ್ತದೆ.

ಇನ್ನು ನನ್ನ ಪ್ರಶ್ನೆಗಳು. ಕನೆಕ್ಟರಿಗೆ ಮೇಲಿಂದ ಎಷ್ಟು ಕಪ್ಪು ವೈರ್ ಬಂದಿವೆ? ಲೈಟಿಗೆ ಒಂದೇ ಸಾಕು. ಎರಡೋ ಮೂರೋ ಇದ್ದರೆ ಅಲ್ಲಿಂದ ಬೇರೆ ಎಲ್ಲಿಗೋ ಹೋಗಿದೆ. ಎರಡನೆಯದು, ಬೆಳಿಗ್ಗೆ ಮಾತ್ರ ಮಿಣುಕುತ್ತೆ ಅಂದಿರಿ. ಬೆಳಿಗ್ಗೆ ಮನೆಯಲ್ಲಿ ಏನು ಹಚ್ಚುತ್ತೀರಿ? ಗೀಸರ್, ಇಸ್ತ್ರಿ, ಪಂಪು?

ನಿವೃತ್ತ ಮಾಸ್ತರ, ಬೆಳಗಾವಿ:
ವೈರ್‌ಮನ್ ಅವರ ಪ್ರಶ್ನೆ ಸರಿಯಾದ ಜಾಗಕ್ಕೆ ಬಿದ್ದಿದೆ. ಲೆಕ್ಕ ನೋಡಿ. 12 ವ್ಯಾಟನ್ನು 230 ವೋಲ್ಟಿನಿಂದ ಭಾಗಿಸಿದರೆ 0.05 ಆಂಪಿಯರ್. ಎಲ್‌ಇಡಿ ಒಳಗಿನ ಡ್ರೈವರ್ ಕಾರಣಕ್ಕೆ ಸ್ವಲ್ಪ ಜಾಸ್ತಿ ಎಳೆಯಬಹುದು, 0.1 ಅಂತಲೇ ಹಿಡಿಯಿರಿ. ಜಾಯಿಂಟ್ ಎಷ್ಟೇ ಕೆಟ್ಟಿರಲಿ, 1 ಓಮ್ ರೋಧ ಇದೆ ಅಂದುಕೊಳ್ಳಿ. ಅಲ್ಲಿ ಹುಟ್ಟುವ ಕಾವು 0.1 ಗುಣಿಸು 0.1 ಗುಣಿಸು 1, ಅಂದರೆ 0.01 ವ್ಯಾಟ್. ಅದರಿಂದ ಏನೂ ಸುಡುವುದಿಲ್ಲ.

ಜಾಯಿಂಟ್ ಸುಟ್ಟಿದೆ ಅಂದ ಮೇಲೆ ಆ ಬಲ್ಬ್ ಎಳೆಯುವುದಕ್ಕಿಂತ ಎಷ್ಟೋ ಪಟ್ಟು ಕರೆಂಟ್ ಅಲ್ಲಿ ಹಾದಿದೆ. ಬಲ್ಬ್ ಬಿಡಿ. ಆ ಸ್ಕ್ರೂ ಮೂಲಕ ಬೇರೆ ಯಾವುದು ದಾಟಿ ಹೋಗುತ್ತಿದೆ ಅನ್ನುವುದನ್ನು ಹುಡುಕಿ.

ಟಿಳಕವಾಡಿ ಅಕ್ಕ, ಬೆಳಗಾವಿ:
ಆದರೆ ಮಾಸ್ತರೇ, ನಮ್ಮ ಮನೆಯಲ್ಲೂ ಇಂಥದ್ದೇ ಡೂಮ್ ಒಳಗೆ ವೈರ್ ಗರಿಗರಿ ಆಗಿತ್ತು. ಅಲ್ಲಿ ಬೇರೆ ಯಾವ ಲೈನೂ ಇರಲಿಲ್ಲ. ಅದಕ್ಕೇನು ಹೇಳುತ್ತೀರಿ?

ನಿವೃತ್ತ ಮಾಸ್ತರ, ಬೆಳಗಾವಿ:
ಅಕ್ಕಾರೇ, ಮೊದಲು ಅದರಲ್ಲಿ ಹಳೇ ತಂತಿ ಬಲ್ಬ್ ಇತ್ತೇ? 60 ಅಥವಾ 100 ವ್ಯಾಟಿನದು?

ಟಿಳಕವಾಡಿ ಅಕ್ಕ, ಬೆಳಗಾವಿ:
ಹೌದು, ವರ್ಷಗಟ್ಟಲೆ 100 ವ್ಯಾಟ್ ಬಲ್ಬೇ ಇತ್ತು. ಮಳೆಗಾಲದಲ್ಲಿ ಸಣ್ಣ ಬಟ್ಟೆ ಒಣಗಿಸಲು ಅದರ ಕೆಳಗೇ ನೇತು ಹಾಕುತ್ತಿದ್ದೆವು. ಬೆಳಗಾವಿ ಮಳೆ ಗೊತ್ತಲ್ಲ, ಜೂನ್‌ನಲ್ಲಿ ಒಗೆದದ್ದು ಆಗಸ್ಟಿನಲ್ಲಿ ಒಣಗಬೇಕು.

ಪರ್ಮಿಟ್ ವೈರ್‌ಮನ್, ವಿಜಯಪುರ:
ಅಕ್ಕಾರೇ, ನಿಮ್ಮದು ಬೇರೆ ರೋಗ. ಸುಟ್ಟ ಗುರುತು ನೋಡಿಯೇ ಅರ್ಧ ವಿಷಯ ಹೇಳಬಹುದು.

ಎರಡೂ ವೈರ್ ಸಮನಾಗಿ ಗರಿಗರಿ ಆಗಿ, ಹೋಲ್ಡರ್ ಹತ್ತಿರ ಜಾಸ್ತಿ, ಮೇಲೆ ಹೋದಂತೆ ಕಡಿಮೆ ಆಗಿದ್ದರೆ ಅದು ಬಲ್ಬಿನ ಕಾವು. ತಂತಿ ಬಲ್ಬ್ ಎಳೆದ ಕರೆಂಟಿನಲ್ಲಿ ಬಹುಪಾಲು ಕಾವೇ ಆಗುತ್ತೆ. ಮುಚ್ಚಿದ ಗಾಜಿನಲ್ಲಿ ಆ ಕಾವಿಗೆ ಹೋಗಲು ದಾರಿ ಇಲ್ಲ, ಮೇಲಕ್ಕೇರಿ ವೈರನ್ನು ಬೇಯಿಸುತ್ತೆ. ಮನೆಗೆ ಹಾಕುವ ಸಾಮಾನ್ಯ ಪಿವಿಸಿ ವೈರ್ 70 ಡಿಗ್ರಿವರೆಗೆ ಅಂತ ಮಾಡಿದ್ದು. 100 ವ್ಯಾಟ್ ಬಲ್ಬಿನ ಕ್ಯಾಪ್ ಹತ್ತಿರ ಅದಕ್ಕಿಂತ ಎಷ್ಟೋ ಜಾಸ್ತಿ. ಹೋಲ್ಡರ್ ಪಕ್ಕ "60 ವ್ಯಾಟ್ ಮೀರಬಾರದು" ಅಂತ ಚೀಟಿ ಇರುತ್ತೆ, ಬಲ್ಬ್ ಹಾಕುವಾಗ ಯಾರು ಓದುತ್ತಾರೆ? ಈಗ ಎಲ್‌ಇಡಿ ಹಾಕಿದ್ದೀರಿ, ಇನ್ನು ಅಷ್ಟು ಕಾವಿಲ್ಲ. ಆದರೆ ಆಗಲೇ ಬೆಂದ ವೈರ್ ಮತ್ತೆ ಮೆತ್ತಗಾಗುವುದಿಲ್ಲ. ಅಲುಗಾಡಿಸಿದ ದಿನ ಪದರ ಉದುರಿ ತಾಮ್ರ ಬಯಲಾಗುತ್ತೆ. ಬಲ್ಬ್ ಬದಲಿಸುವಾಗಲೇ ಆಗುವುದು ಜಾಸ್ತಿ.

ಒಂದೇ ವೈರ್, ಅದೂ ಸ್ಕ್ರೂ ಹತ್ತಿರ ಕರ್ರಗೆ, ಒಂದು ಗೇಣು ದೂರದಲ್ಲಿ ಚೆನ್ನಾಗಿದೆ ಅಂದರೆ ಸಡಿಲ ಜಾಯಿಂಟ್. ನವನಗರದವರದು ಇದೇ. ವೈರ್ ಪೈಪಿನ ಒಳಗೆ ಉದ್ದಕ್ಕೂ ಒಂದೇ ಸಮ ಮೆತ್ತಗಾಗಿ ಒಂದಕ್ಕೊಂದು ಅಂಟಿದ್ದರೆ ಓವರ್‌ಲೋಡ್. ಹೋಲ್ಡರಿನ ಎರಡು ಪಿನ್‌ಗಳ ತುದಿಯಲ್ಲಿ ಚಿಕ್ಕ ಗುಳಿ, ಸುತ್ತ ಮಸಿ ಇದ್ದರೆ ಸ್ಪ್ರಿಂಗ್ ಸೋತಿದೆ, ಕಿಡಿ ಹಾರುತ್ತಿದೆ. ಆಗ ಮಾತ್ರ ಇಳಕಲ್ ತಮ್ಮ ಹೇಳಿದ ಹಾಗೆ ಹೋಲ್ಡರ್ ಬದಲಿಸಿದರೆ ಮುಗಿಯಿತು.

ಮೀನಿನ ವಾಸನೆ ಬಗ್ಗೆ: ಹೋಲ್ಡರ್, ಪ್ಲಗ್ಗು, ಸ್ವಿಚ್ಚಿನ ಕೆಲವು ಗಟ್ಟಿ ಪ್ಲಾಸ್ಟಿಕ್ ಕಾದಾಗ ಹಾಗೇ ವಾಸನೆ ಬರುತ್ತೆ. ಪಕ್ಕದ ಮನೆಯವರದೇನೂ ತಪ್ಪಿಲ್ಲ ಅಂತ ಅವ್ವನಿಗೆ ಹೇಳಿ.

ಮಗ್ಗದ ಮನೆ, ಬನಹಟ್ಟಿ:
ನಮ್ಮಲ್ಲಿ ಮಗ್ಗ ಮನೆಯಲ್ಲೇ. ನೂಲಿನ ಧೂಳು ಹೋಲ್ಡರ್ ಮೇಲೆ, ಬೋರ್ಡ್ ಮೇಲೆ ಬೆರಳು ದಪ್ಪ ಕೂರುತ್ತೆ. ಇಂಥ ಕಡೆ ಒಂದು ಕಿಡಿ ಸಾಕು. ಹಬ್ಬಕ್ಕೊಮ್ಮೆ ಅಲ್ಲ, ವಾರಕ್ಕೊಮ್ಮೆ ಮೇನ್ ಇಳಿಸಿ ಒಣ ಬ್ರಷ್‌ನಿಂದ ತೆಗೆಯಬೇಕು. ಒದ್ದೆ ಬಟ್ಟೆ ಬೇಡ. ವಿಷಯಕ್ಕೆ ಸಂಬಂಧ ಇಲ್ಲ, ಆದರೂ ಓದುವವರಲ್ಲಿ ಮಗ್ಗದವರು ಇರುತ್ತಾರೆ ಅಂತ ಬರೆದೆ.

ನವನಗರದವ, ಬಾಗಲಕೋಟೆ:
ವೈರ್‌ಮನ್ ಅಣ್ಣಾರೇ, ಮೇನ್ ಇಳಿಸಿ, ಇನ್ವರ್ಟರ್ ಕಿತ್ತು, ಟಾರ್ಚ್ ಹಿಡಿದು ನೋಡಿದೆ. ಏನೂ ಬಿಚ್ಚಲಿಲ್ಲ. ಕನೆಕ್ಟರಿಗೆ ಮೇಲಿಂದ ಎರಡು ಕಪ್ಪು ವೈರ್ ಬಂದಿವೆ. ಒಂದು ಹಳೆಯದು, ಇನ್ನೊಂದು ಬೇರೆ ಕಂಪನಿಯದು, ಸ್ವಲ್ಪ ಹೊಳಪು ಜಾಸ್ತಿ. ಎರಡನ್ನೂ ಒಂದೇ ತೂತಿಗೆ ತುರುಕಿ ಒಂದೇ ಸ್ಕ್ರೂ ಹಾಕಿದ್ದಾರೆ. ಕೆಂಪು ಮಾತ್ರ ಒಂದೇ.

ಬೆಳಿಗ್ಗೆ ಹಚ್ಚುವುದು ಬಚ್ಚಲಲ್ಲಿ ನೀರು ಕಾಯಿಸುವ ರಾಡ್. 1500 ವ್ಯಾಟ್ ಅಂತ ಅದರ ಮೇಲೆ ಬರೆದಿದೆ. ಬೇಸಿಗೆಯಲ್ಲಿ ಅದು ಅಟ್ಟದ ಮೇಲಿರುತ್ತೆ. ರಾಡಿನ ಸಾಕೆಟ್ ಮನೆ ಕಟ್ಟಿದಾಗ ಇರಲಿಲ್ಲ, ಆಮೇಲೆ ಹಾಕಿಸಿದ್ದು. ಅದರ ಎಂಸಿಬಿ ಯಾವುದು ಅಂತ ಒಂದೊಂದೇ ಇಳಿಸಿ ನೋಡಿದೆ. ಅಡುಗೆ ಮನೆ ಪವರ್ ಲೈನಿನ 16 ಆಂಪಿಯರ್ ಎಂಸಿಬಿ ಇಳಿಸಿದರೆ ಆಫ್ ಆಗುತ್ತೆ. ಲೈಟಿನದು 10 ಆಂಪಿಯರ್, ಅದು ಬೇರೆ.

ಪರ್ಮಿಟ್ ವೈರ್‌ಮನ್, ವಿಜಯಪುರ:
ಸಿಕ್ಕಿತು. ರಾಡಿಗೆ ಫೇಸ್, ಅಂದರೆ ಕರೆಂಟ್ ತರುವ ಕೆಂಪು ವೈರ್, ಅಡುಗೆ ಮನೆಯಿಂದ ತಂದಿದ್ದಾರೆ. ನ್ಯೂಟ್ರಲ್, ಅಂದರೆ ಕರೆಂಟ್ ವಾಪಸ್ ಹೋಗುವ ಕಪ್ಪು ವೈರ್, ಎಳೆಯಲು ದೂರ ಆಯಿತು, ಪೈಪ್ ತುಂಬಿತ್ತು, ಏನೋ ಒಂದು. ತಲೆ ಮೇಲೆ ಲೈಟ್ ಇತ್ತಲ್ಲ, ಅದರ ನ್ಯೂಟ್ರಲ್ಲಿಗೆ ಸೇರಿಸಿಬಿಟ್ಟರು. ಇದನ್ನು ನಾವು ಎರವಲು ನ್ಯೂಟ್ರಲ್ ಅಂತೀವಿ. ಹತ್ತು ಮನೆ ಬಿಚ್ಚಿದರೆ ಎಲ್ಲೋ ಒಂದು ಕಡೆ ಸಿಕ್ಕೇ ಸಿಗುತ್ತೆ.

ಈಗ ಎಲ್ಲ ಕೂಡಿ ಬರುತ್ತೆ ನೋಡಿ. ಕಪ್ಪು ಸುಟ್ಟಿತು, ಕೆಂಪು ಉಳಿಯಿತು. ಯಾಕೆ? ರಾಡಿನ ಕರೆಂಟ್ ವಾಪಸ್ ಬಂದದ್ದು ಕಪ್ಪಿನಲ್ಲಿ ಮಾತ್ರ. ಬೆಳಿಗ್ಗೆ ಮಾತ್ರ ಮಿಣುಕಿತು, ಯಾಕಂದರೆ ರಾಡ್ ಬೆಳಿಗ್ಗೆ. ಚಳಿಗಾಲದಲ್ಲಿ ಶುರುವಾಯಿತು, ಯಾಕಂದರೆ ರಾಡ್ ಅಟ್ಟದಿಂದ ಇಳಿದದ್ದು ಆಗ. ಎಂಸಿಬಿ ಇಳಿಸಿದ ಮೇಲೂ ಕಿಡಿ ಯಾಕೆ? ಆ ಹೊತ್ತಿನಲ್ಲಿ ಯಾರೋ ಸ್ನಾನಕ್ಕೆ ನೀರಿಟ್ಟಿದ್ದರು, ಅಲ್ವಾ?

ನವನಗರದವ, ಬಾಗಲಕೋಟೆ:
ಹೌದು. ಅಪ್ಪಾಜಿ ರಾಡ್ ಹಾಕಿದ್ದರು. ಆ ಮನುಷ್ಯ ವೈರ್ ಬಿಚ್ಚಿದ ಮೇಲೆ "ನೀರು ಇನ್ನೂ ತಣ್ಣಗೇ ಇದೆ" ಅಂತ ಒಳಗಿನಿಂದ ಕೂಗಿದ್ದರು. ಅದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ಆಗ ಹೊಳೆಯಲಿಲ್ಲ.

ನಿವೃತ್ತ ಮಾಸ್ತರ, ಬೆಳಗಾವಿ:
ಸಂಬಂಧ ಇದೆ, ಮತ್ತು ಇದೇ ಅಪಾಯದ ಜಾಗ. ನ್ಯೂಟ್ರಲ್ ಕಡಿದಾಗ ರಾಡ್ ಕಾಯುವುದಿಲ್ಲ. ನೋಡುವವರಿಗೆ ಕರೆಂಟ್ ಹೋಗಿದೆ ಅನ್ನಿಸುತ್ತೆ. ಆದರೆ ಫೇಸ್ ಇನ್ನೂ ರಾಡಿನವರೆಗೆ ಬಂದಿದೆ. ರಾಡಿನೊಳಗಿನ ತಂತಿ ಮೂಲಕ ದಾಟಿ, ಬಿಚ್ಚಿದ ಕಪ್ಪು ವೈರಿನ ತುದಿವರೆಗೂ 230 ವೋಲ್ಟ್ ಬಂದು ಕೂತಿರುತ್ತದೆ. ಟೆಸ್ಟರ್ ಹತ್ತಿದ್ದು ಅದಕ್ಕೇ. ಕಪ್ಪು ಅಂದರೆ ನ್ಯೂಟ್ರಲ್, ಏನೂ ಆಗಲ್ಲ ಅಂತ ಬರಿಗೈಯಲ್ಲಿ ಹಿಡಿದವರ ಗತಿ ಏನು?

ಈಗ ಕಾವಿನ ಲೆಕ್ಕ ಮತ್ತೆ ಮಾಡೋಣ. 1500 ವ್ಯಾಟ್ ಅಂದರೆ 6.5 ಆಂಪಿಯರ್. ಸಡಿಲ ಸ್ಕ್ರೂನಲ್ಲಿ ಬರೀ 0.3 ಓಮ್ ಇದ್ದರೂ 6.5 ಗುಣಿಸು 6.5 ಗುಣಿಸು 0.3, ಹತ್ತಿರ ಹತ್ತಿರ 13 ವ್ಯಾಟ್. ನಿಮ್ಮ ಬಲ್ಬ್ ಎಳೆಯುವುದಕ್ಕಿಂತ ಜಾಸ್ತಿ ಕಾವು, ಹುಣಸೆ ಬೀಜದಷ್ಟು ಹಿತ್ತಾಳೆ ತುಂಡಿನಲ್ಲಿ. ಕಾದಷ್ಟೂ ತಾಮ್ರದ ಮೇಲೆ ಕರಿ ಪದರ ಕೂರುತ್ತದೆ, ರೋಧ ಏರುತ್ತದೆ, ಇನ್ನೂ ಕಾಯುತ್ತದೆ. ಒಮ್ಮೆ ಶುರುವಾದರೆ ತಾನಾಗಿ ನಿಲ್ಲುವುದಿಲ್ಲ.

ಇಳಕಲ್ ಹುಡುಗ:
ಸರಿ, ಒಪ್ಪಿದೆ. ಆದರೆ ಎಂಸಿಬಿ ಯಾಕೆ ಬೀಳಲಿಲ್ಲ? ಅದಕ್ಕೇ ಅಲ್ವಾ ದುಡ್ಡು ಕೊಟ್ಟು ಹಾಕಿಸುವುದು?

ನಿವೃತ್ತ ಮಾಸ್ತರ, ಬೆಳಗಾವಿ:
ಎಂಸಿಬಿಗೆ ಗೊತ್ತಾಗುವುದು ಎರಡೇ. ಒಂದು, ಅದರ ಅಳತೆ ಮೀರಿದ ಕರೆಂಟ್. ಇನ್ನೊಂದು, ಶಾರ್ಟ್ ಆದಾಗ ಒಮ್ಮೆಲೇ ನುಗ್ಗುವ ಕರೆಂಟ್. ಇಲ್ಲಿ ಹರಿದದ್ದು 6.5, ರಾಡಿನ ಎಂಸಿಬಿ 16. ಅದರ ಮಟ್ಟಿಗೆ ಎಲ್ಲ ಸರಿಯಾಗೇ ಇದೆ. ಸಡಿಲ ಜಾಯಿಂಟ್ ಕರೆಂಟನ್ನು ಹೆಚ್ಚಿಸುವುದಿಲ್ಲ, ಸ್ವಲ್ಪ ತಗ್ಗಿಸುತ್ತದೆ. ಲೈಟಿನ 10 ಆಂಪಿಯರ್ ಎಂಸಿಬಿಯಂತೂ ಈ ಕರೆಂಟನ್ನು ಕಂಡೇ ಇಲ್ಲ. ಅದು ಕೂತಿರುವುದು ಕೆಂಪು ವೈರಿನಲ್ಲಿ, ರಾಡಿನ ಕರೆಂಟ್ ಹೋಗುತ್ತಿದ್ದದ್ದು ಕಪ್ಪಿನಲ್ಲಿ. ಅದನ್ನು 6 ಆಂಪಿಯರಿಗೆ ಇಳಿಸಿದ್ದರೂ ಬೀಳುತ್ತಿರಲಿಲ್ಲ.

ಆರ್‌ಸಿಸಿಬಿ (ಕರೆಂಟ್ ಲೀಕ್ ಆದರೆ ಲೈನ್ ಕಡಿಯುವ ಸ್ವಿಚ್) ಇದ್ದರೂ ಸಡಿಲ ಸ್ಕ್ರೂ ಅದಕ್ಕೆ ಕಾಣುವುದಿಲ್ಲ. ಅದು ನೋಡುವುದು ಹೋದ ಕರೆಂಟೂ ಬಂದ ಕರೆಂಟೂ ಸಮ ಇದೆಯಾ ಅಂತ ಮಾತ್ರ.

ಸಿಂದಗಿ ಕಡೆಯವ:
ನಡುವೆ ಬಾಯಿ ಹಾಕಿದೆ, ಕ್ಷಮಿಸಿ. ನಮ್ಮದು ಊರಲ್ಲಿ ಹಳೇ ಮಾಳಿಗೆ ಮನೆ. ಜಂತಿಗೆ ಕಟ್ಟಿಗೆಯ ಗುಂಡು ಬ್ಲಾಕ್ ಹೊಡೆದು ಅದರ ಮೇಲೆ ಹೋಲ್ಡರ್ ಕೂರಿಸಿದ್ದಾರೆ. ಕಟ್ಟಿಗೆ ಪಟ್ಟಿ ಮೇಲೆ ವೈರ್ ಹೊಡೆದ ಪಟ್ಟಿ ವೈರಿಂಗ್. ನಿನ್ನೆ ನೋಡಿದರೆ ಬ್ಲಾಕಿನ ಒಂದು ಬದಿ ಕಪ್ಪಾಗಿದೆ. ಲೈಟ್ ಉರಿಯುತ್ತಿದೆ. ಜಾತ್ರೆ ಮುಗಿಯುವ ತನಕ ಹಾಗೇ ಬಿಡಬಹುದಾ?

ಪರ್ಮಿಟ್ ವೈರ್‌ಮನ್, ವಿಜಯಪುರ:
ಬಿಡಬಾರದು. ಇವತ್ತೇ ಆ ಲೈನಿನ ಫ್ಯೂಸ್ ಕಿತ್ತು ಕಿಸೆಯಲ್ಲಿ ಇಟ್ಟುಕೊಳ್ಳಿ, ಯಾರಾದರೂ ಮತ್ತೆ ಹಾಕಿಯಾರು. ಕಾಂಕ್ರೀಟ್ ಛತ್ತು ಕಪ್ಪಾದರೆ ಬಣ್ಣ ಹೋಯಿತು ಅಷ್ಟೆ. ನಿಮ್ಮದು ಒಣಗಿದ ಜಂತಿ, ಮೇಲೆ ಹಾಸು, ಅದರ ಮೇಲೆ ಮಣ್ಣು. ಒಳಗೊಳಗೆ ಹೊಗೆಯಾಡಿದರೆ ಹೊರಗೆ ತಿಳಿಯುವುದೇ ಇಲ್ಲ. ಒಮ್ಮೆ ಕಾದು ಕಪ್ಪಾದ ಕಟ್ಟಿಗೆ ಮುಂದಿನ ಸಲ ಇನ್ನೂ ಕಡಿಮೆ ಕಾವಿಗೇ ಹೊತ್ತಿಕೊಳ್ಳುತ್ತೆ.

ಫ್ಯೂಸ್ ಕಿತ್ತ ಮೇಲೆ ಆ ಕಪ್ಪು ಜಾಗದ ಸುತ್ತ ಕೈ ಹಿಂಭಾಗ ಇಟ್ಟು ನೋಡಿ, ಬೆಚ್ಚಗಿದೆಯಾ ಅಂತ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿ. ಬೆಚ್ಚಗೇ ಇದ್ದರೆ, ಹೊಗೆ ವಾಸನೆ ಇದ್ದರೆ 101ಕ್ಕೆ ಅಥವಾ 112ಕ್ಕೆ ಫೋನ್ ಮಾಡಿ. ಕರೆಂಟ್ ಇರುವಾಗ ನೀರು ಎರಚಬೇಡಿ.

ಆಮೇಲೆ ವೈರಿಂಗ್. ಪಟ್ಟಿ ವೈರಿಂಗಿನಲ್ಲಿ ಇಲಿ ಕಡಿದದ್ದು, ಹಳೇ ರಬ್ಬರ್ ವೈರ್ ಪುಡಿಯಾದದ್ದು ಎಲ್ಲ ಇರುತ್ತೆ. ಬರುವವರ ಹತ್ತಿರ 500 ವೋಲ್ಟಿನ ಮೆಗ್ಗರ್ (ವೈರಿನ ಮೇಲ್ಪದರದಲ್ಲಿ ಲೀಕೇಜ್ ಇದೆಯಾ ಅಂತ ಅಳೆಯುವ ಮೀಟರ್) ಇದೆಯಾ ಕೇಳಿ. ಬಲ್ಬು, ಫ್ಯಾನು, ಟಿವಿ ಎಲ್ಲ ಬಿಡಿಸಿ ಅಳೆದಾಗ 1 ಮೆಗಾಓಮ್‌ಗಿಂತ ಕಡಿಮೆ ತೋರಿಸಿದರೆ ತೇಪೆ ಹಾಕಬೇಡಿ, ಹೊಸದಾಗಿ ಮಾಡಿಸಿ.

ಸಿಂದಗಿ ಕಡೆಯವ:
ಫ್ಯೂಸ್ ಕಿತ್ತೆ. ತಣ್ಣಗಿದೆ. ಜಾತ್ರೆಗೆ ಬಂದವರಿಗೆ ಚಾರ್ಜಿಂಗ್ ಲೈಟ್ ಕೊಡುತ್ತೇನೆ.

ನವನಗರದವ, ಬಾಗಲಕೋಟೆ:
ಈಗ ನನ್ನ ರಿಪೇರಿ. ನಾನೇ ಮಾಡಬಹುದಾ? ಹೋಲ್ಡರ್, ಸ್ವಿಚ್ ಬದಲಿಸಿ ರೂಢಿ ಇದೆ. ಟೇಪ್ ತೆಗೆದು, ಸುಟ್ಟ ತುದಿ ಕತ್ತರಿಸಿ, ಹೊಸ ಕನೆಕ್ಟರ್ ಹಾಕಿ ಸ್ಕ್ರೂ ಬಿಗಿ ಮಾಡಿದರೆ ಸಾಕಲ್ಲ?

ಪರ್ಮಿಟ್ ವೈರ್‌ಮನ್, ವಿಜಯಪುರ:
ಹೋಲ್ಡರ್ ನೀವು ಬದಲಿಸಿ, ಯಾರು ಬೇಡ ಅಂತಾರೆ. ಇದು ಲೈನ್ ಬದಲಿಸುವ ಕೆಲಸ. ಪರ್ಮಿಟ್ ಇರುವವರನ್ನು ಕರೆಸಿ. ವಿದ್ಯುತ್ ಪರಿವೀಕ್ಷಣಾಲಯದವರು ಕೊಟ್ಟ ಪರ್ಮಿಟ್ ತೋರಿಸಿ ಅಂದರೆ ಕೆಲಸ ಗೊತ್ತಿದ್ದವನು ಬೇಜಾರು ಮಾಡಿಕೊಳ್ಳುವುದಿಲ್ಲ. ಆದರೆ ಅವರು ಏನು ಮಾಡಬೇಕು ಅಂತ ನಿಮಗೆ ಗೊತ್ತಿರಲಿ, ಪಕ್ಕದಲ್ಲಿ ನಿಂತು ನೋಡಿ.

ಮೊದಲು ಎರವಲು ತೆಗೆಯಬೇಕು. ರಾಡಿನ ಸಾಕೆಟ್ಟಿಗೆ ಫೇಸ್ ಎಲ್ಲಿಂದ ಬಂದಿದೆಯೋ ನ್ಯೂಟ್ರಲ್ಲೂ ಅಲ್ಲಿಂದಲೇ ಬರಬೇಕು. ಎರಡೂ 2.5 ಚದರ ಎಂಎಂ ವೈರ್, ಜೊತೆಗೆ ಹಸಿರು ಅರ್ಥಿಂಗ್. ಆ ಸಾಕೆಟ್ ಸಣ್ಣ 6 ಆಂಪಿಯರಿನದಾಗಿದ್ದರೆ ಅದೂ ಹೋಗಲಿ. ರಾಡ್ 6.5 ಎಳೆಯುತ್ತೆ, ದಿನಾ ಅರ್ಧ ಗಂಟೆ. ದೊಡ್ಡ ಪಿನ್ನಿನ 16 ಆಂಪಿಯರ್ ಸಾಕೆಟ್ಟೇ ಬೇಕು. ನೀರು ಸಿಡಿಯದ ಜಾಗದಲ್ಲಿರಲಿ. ಸ್ವಿಚ್ ಆಫ್ ಮಾಡಿ ಪಿನ್ ಕಿತ್ತ ಮೇಲೇ ಬಕೆಟ್ಟಿಗೆ ಕೈ ಹಾಕಬೇಕು, ಇದನ್ನು ಮಕ್ಕಳಿಗೆ ಹೇಳಿಕೊಟ್ಟಿರಿ.

ಆಮೇಲೆ ಸುಟ್ಟ ವೈರ್. ಕತ್ತರಿಸುತ್ತಾ ಹಿಂದೆ ಹೋಗಬೇಕು. ತಾಮ್ರ ಹೊಳೆಯಬೇಕು, ಮೇಲಿನ ಪ್ಲಾಸ್ಟಿಕ್ ಬಗ್ಗಿಸಿದರೆ ಬಿರುಕು ಬಿಡಬಾರದು. ಕರ್ರಗಿನ ಅಥವಾ ಹಸಿರು ತಿರುಗಿದ ತಾಮ್ರಕ್ಕೆ ಎಷ್ಟು ಬಿಗಿ ಸ್ಕ್ರೂ ಹಾಕಿದರೂ ಕಾವು ಬರುತ್ತೆ. ಪಿವಿಸಿ ಸುಟ್ಟಾಗ ಬರುವ ಹೊಗೆಯಲ್ಲಿ ಆಮ್ಲ ಇರುತ್ತೆ, ಅದೇ ತಾಮ್ರವನ್ನು ತಿನ್ನುವುದು. ಕತ್ತರಿಸಿದ ಮೇಲೆ ವೈರ್ ಮೋಟಾಗಿ ಪೈಪಿನೊಳಗೆ ಹೋಯಿತು ಅಂದರೆ ಅಲ್ಲಿ ಜಾಯಿಂಟ್ ಮಾಡಿ ತುರುಕಲು ಬಿಡಬೇಡಿ. ಹಳೇ ವೈರಿನ ತುದಿಗೆ ಹೊಸದನ್ನು ಕಟ್ಟಿ ಸ್ವಿಚ್ ಬೋರ್ಡ್ ಕಡೆಯಿಂದ ಎಳೆಯಲಿ. ಒಬ್ಬರು ಎಳೆಯಬೇಕು, ಒಬ್ಬರು ತಳ್ಳಬೇಕು. ಬರದಿದ್ದರೆ ಪೈಪಿನೊಳಗೆ ವೈರ್ ಎಳೆಯುವ ಸ್ಪ್ರಿಂಗ್ ಹಾಕಲಿ.

ಕನೆಕ್ಟರ್ ಪಿಂಗಾಣಿಯದು ತನ್ನಿ, ಕಾವಿಗೆ ಕರಗಲ್ಲ. ಒಂದು ತೂತಿಗೆ ಒಂದು ವೈರ್. ಬಿಡಿ ಎಳೆಗಳನ್ನು ಚೆನ್ನಾಗಿ ಹುರಿ ಮಾಡಿ, ಸ್ಕ್ರೂ ಬಿಗಿದು, ವೈರನ್ನು ಒಮ್ಮೆ ಜೋರಾಗಿ ಜಗ್ಗಿ ನೋಡಬೇಕು. ಸ್ಕ್ರೂ ಪ್ಲಾಸ್ಟಿಕ್ ಮೇಲ್ಪದರವನ್ನು ಕಚ್ಚಿರಬಾರದು. ಹೊರಗಿನಿಂದ ಬಿಗಿ ಕಾಣುತ್ತೆ, ಒಳಗೆ ತಾಮ್ರ ತಾಕಿರುವುದೇ ಇಲ್ಲ. ಅರ್ಧದಷ್ಟು ಜಾಯಿಂಟ್ ಸುಡುವುದು ಹೀಗೇ.

ಇಳಕಲ್ ಹುಡುಗ:
ತುದಿಗೆ ಬೆಸುಗೆ ಹಾಕಿ ಸ್ಕ್ರೂ ಬಿಗಿದರೆ ಇನ್ನೂ ಗಟ್ಟಿ ಆಗಲ್ವಾ ಅಣ್ಣಾರೇ?

ಪರ್ಮಿಟ್ ವೈರ್‌ಮನ್, ವಿಜಯಪುರ:
ಬೇಡ. ಬೆಸುಗೆಯ ಸೀಸ ಮೆತ್ತಗೆ. ಸ್ಕ್ರೂ ಒತ್ತಡಕ್ಕೆ ನಿಧಾನಕ್ಕೆ ಜಾರಿ ಹರಡುತ್ತೆ, ವರ್ಷದಲ್ಲಿ ಸ್ಕ್ರೂ ಸಡಿಲ. ತುದಿಗೆ ತಾಮ್ರದ ಲಗ್ಗು (ವೈರಿನ ತುದಿಗೆ ತೊಡಿಸುವ ಸಣ್ಣ ಕೊಳವೆ) ಒತ್ತಿ ಹಾಕಿದರೆ ಒಳ್ಳೆಯದು.

ಟಿಳಕವಾಡಿ ಅಕ್ಕ, ಬೆಳಗಾವಿ:
ನನ್ನ ಡೂಮಿಗೆ? ಅದಕ್ಕೂ ವೈರ್ ಎಳೆಯಬೇಕಾ?

ಪರ್ಮಿಟ್ ವೈರ್‌ಮನ್, ವಿಜಯಪುರ:
ಬೆಂದದ್ದು ಡೂಮಿನೊಳಗಿನ ತುಂಡು ಮಾತ್ರ ಆಗಿದ್ದರೆ ಅಷ್ಟನ್ನೇ ಬದಲಿಸಲಿ, ಮೇಲೆ ಫೈಬರ್‌ಗ್ಲಾಸ್ ಸ್ಲೀವ್ ತೊಡಿಸಲಿ. ಛತ್ತಿನ ಪೈಪಿನಿಂದ ಬರುವ ವೈರ್ ಬಗ್ಗಿಸಿದಾಗ ಬಿರುಕು ಬಿಟ್ಟರೆ ಹೊಸದು ಎಳೆಯಬೇಕು. ನಿಮ್ಮ ಕಡೆ ತೇವ ಜಾಸ್ತಿ. ಹೋಲ್ಡರಿನ ಹಿತ್ತಾಳೆ ಹಸಿರು ಕಿಲುಬು ಹಿಡಿದಿದೆಯಾ ನೋಡಿ, ಹಿಡಿದಿದ್ದರೆ ಉಜ್ಜುತ್ತಾ ಕೂರಬೇಡಿ, ಬದಲಿಸಿ. ಇನ್ನೊಂದು, ಸ್ವಿಚ್ ಆಫ್ ಮಾಡಿದ ಮೇಲೂ ಎಲ್‌ಇಡಿ ಮಂದವಾಗಿ ಉರಿಯುತ್ತಾ?

ಟಿಳಕವಾಡಿ ಅಕ್ಕ, ಬೆಳಗಾವಿ:
ಹೌದು! ರಾತ್ರಿ ಪೂರ್ತಿ ಕತ್ತಲಾದಾಗ ಕಾಣುತ್ತೆ. ದೇವರ ದೀಪದಷ್ಟು. ನಮ್ಮನೆಯವರು "ಕರೆಂಟ್ ಬಿಲ್ ಬರುತ್ತಾ ಅದಕ್ಕೆ" ಅಂತ ಕೇಳುತ್ತಿದ್ದರು.

ಪರ್ಮಿಟ್ ವೈರ್‌ಮನ್, ವಿಜಯಪುರ:
ಬಿಲ್ಲಿನ ಚಿಂತೆ ಬಿಡಿ. ಸ್ವಿಚ್ ಫೇಸಿಗೆ ಬದಲು ನ್ಯೂಟ್ರಲ್ಲಿಗೆ ಹಾಕಿರಬಹುದು. ಹಾಗಿದ್ದರೆ ಸ್ವಿಚ್ ಆಫ್ ಇದ್ದರೂ ಹೋಲ್ಡರಿನಲ್ಲಿ ಕರೆಂಟ್ ಇದ್ದೇ ಇರುತ್ತೆ. ಸ್ವಿಚ್ಚಿಗೆ ಉರಿಯುವ ಇಂಡಿಕೇಟರ್ ಇದ್ದರೂ ಹೀಗೆ ಆಗಬಹುದು, ಅದು ಅಪಾಯ ಅಲ್ಲ. ವೈರ್ ಬದಲಿಸುವಾಗಲೇ ಇದನ್ನೂ ನೋಡಲು ಹೇಳಿ. ಅಲ್ಲಿಯವರೆಗೆ ಬಲ್ಬ್ ಬದಲಿಸುವಾಗ ಮೇನ್ ಇಳಿಸಿ.

ನವನಗರದವ, ಬಾಗಲಕೋಟೆ:
ಕೆಲಸ ಮುಗಿಯಿತು, ವಿವರ ಬರೆಯುತ್ತೇನೆ. ಪರ್ಮಿಟ್ ಇರುವವರೇ ಬಂದರು. ಬಂದವರು ಟೆಸ್ಟರ್ ಹೊರಗೆ ತೆಗೆಯಲೇ ಇಲ್ಲ. ಅವರ ಹತ್ತಿರ ಹೋಲ್ಡರಿಗೆ ಎರಡು ವೈರ್ ಕಟ್ಟಿದ ಬಲ್ಬ್ ಇತ್ತು. ಮೊದಲು ಅದನ್ನು ಕರೆಂಟ್ ಇರುವ ಸಾಕೆಟ್ಟಿನಲ್ಲಿ ಹಿಡಿದು ಉರಿಯುತ್ತೆ ಅಂತ ನೋಡಿಕೊಂಡರು. ಆಮೇಲೆ ಮೇನ್ ಇಳಿಸಿ ಕನೆಕ್ಟರಿಗೆ ಹಿಡಿದರು, ಉರಿಯಲಿಲ್ಲ. ವೋಲ್ಟ್ ಅಳೆಯುವ ಮೀಟರಿನಲ್ಲೂ ಅಳೆದರು. ಟೆಸ್ಟರ್ ಯಾಕೆ ಬೇಡ ಅಂದರೆ, "ಕರೆಂಟ್ ಇಲ್ಲದ ವೈರಿಗೂ ಪಕ್ಕದ ವೈರಿನಿಂದ ಮಿಣುಕುತ್ತೆ, ಇರುವಾಗ ಬೆಳಕಿನಲ್ಲಿ ಕಾಣಲ್ಲ" ಅಂದರು.

ಕಪ್ಪು ವೈರ್ ಎಳೆದಾಗ ಬೆಂಡಿನ ಹತ್ತಿರ ಸಿಕ್ಕಿಕೊಂಡಿತು. ಹೊರಗೆ ಬಂದಾಗ ನೋಡಿದರೆ ಪೈಪಿನೊಳಗೇ ಇನ್ನೊಂದು ಜಾಯಿಂಟ್, ಟೇಪ್ ಸುತ್ತಿದ್ದು. ಟೇಪಿನ ಗೋಂದು ಕರಗಿ ಬೆಲ್ಲದ ಪಾಕದಂತೆ ಅಂಟುತ್ತಿತ್ತು. ನಾನು ಬರೀ ಕನೆಕ್ಟರ್ ಬದಲಿಸಿದ್ದರೆ ಅದು ಒಳಗೇ ಉಳಿಯುತ್ತಿತ್ತು. ರಾಡಿನ ಸಾಕೆಟ್ಟಿಗೆ ಅಡುಗೆ ಮನೆಯಿಂದ ಬೇರೆ ನ್ಯೂಟ್ರಲ್, ಅರ್ಥಿಂಗ್ ಎಳೆದರು. ಗೋಡೆ ಮೇಲೆ ಪಟ್ಟಿ ಬಂದಿದೆ. ಅವ್ವನಿಗೆ ಅದೊಂದು ಬೇಜಾರು.

ಆರ್‌ಸಿಸಿಬಿ ಹಾಕಿಸಲು ಹೇಳಿದರು. ನಾಲ್ಕು ವರ್ಷದ ಹಿಂದೆ ಒಮ್ಮೆ ಹಾಕಿಸಿದ್ದೆವು. ದಿನಾ ಬೆಳಿಗ್ಗೆ ಬೀಳುತ್ತಿತ್ತು, ಆಗಿನವರು "ಪೀಸ್ ಸರಿ ಇಲ್ಲ" ಅಂತ ತೆಗೆದು ಹಾಕಿದ್ದರು.

ನಿವೃತ್ತ ಮಾಸ್ತರ, ಬೆಳಗಾವಿ:
ಆ ಪೀಸ್ ಬಹುಶಃ ಸರಿಯಾಗೇ ಇತ್ತು. ಅದನ್ನು ಲೈಟಿನ ಲೈನಿಗೆ ಮಾತ್ರ ಹಾಕಿದ್ದರು ಅನ್ನಿಸುತ್ತದೆ, ಅಲ್ವಾ? ರಾಡಿನ ಫೇಸ್ ಅದರ ಹೊರಗಿನಿಂದ ಹೋಗಿ, ನ್ಯೂಟ್ರಲ್ ಮಾತ್ರ ಅದರೊಳಗೆ ವಾಪಸ್ ಬಂದರೆ ಲೆಕ್ಕ ತಪ್ಪುತ್ತದೆ. 6.5 ಆಂಪಿಯರ್ ವ್ಯತ್ಯಾಸ. ಅದು 30 ಮಿಲಿ ಆಂಪಿಯರಿಗೇ ಬೀಳುವ ವಸ್ತು.

ನವನಗರದವ, ಬಾಗಲಕೋಟೆ:
ಹೌದು, ಲೈಟಿನ ಲೈನಿಗೇ ಹಾಕಿದ್ದು. ಆ ಪೀಸ್ ಇನ್ನೂ ಟ್ರಂಕಿನಲ್ಲಿದೆ.

ಮಗ್ಗದ ಮನೆ, ಬನಹಟ್ಟಿ:
ಟ್ರಂಕಿನದನ್ನು ಹಾಕಿಸುವ ಮುಂಚೆ ಚೆಕ್ ಮಾಡಿಸಿ. ಮತ್ತೆ ಅರ್ಥಿಂಗ್ ಗುಂಡಿಗೆ ನೀರು ಹಾಕುತ್ತೀರಾ? ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಬಾಯಿ ಬಿಡುತ್ತೆ, ಪ್ಲೇಟಿನಿಂದ ಮಣ್ಣು ದೂರ ಸರಿಯುತ್ತೆ. ನಮ್ಮ ಮಗ್ಗದ ಮೋಟಾರಿಗೆ ಏಪ್ರಿಲ್‌ನಲ್ಲಿ ಮುಟ್ಟಿದರೆ ಜುಂ ಅನ್ನುತ್ತಿತ್ತು, ಮಳೆ ಬಿದ್ದ ಮೇಲೆ ಇರುತ್ತಿರಲಿಲ್ಲ. ಈಗ ಬೇಸಿಗೆ ಪೂರ್ತಿ ವಾರಕ್ಕೊಮ್ಮೆ ಒಂದು ಕೊಡ ನೀರು.

ಪರ್ಮಿಟ್ ವೈರ್‌ಮನ್, ವಿಜಯಪುರ:
ಬನಹಟ್ಟಿಯವರು ಹೇಳಿದ್ದು ಸರಿ. ಆದರೆ ಮೋಟಾರ್ ಜುಂ ಅಂದರೆ ಮೋಟಾರಿನಲ್ಲೇ ಲೀಕೇಜ್ ಇದೆ, ನೀರು ಹಾಕಿ ಅದನ್ನು ಮುಚ್ಚಿದ್ದೀರಿ ಅಷ್ಟೆ. ವೈಂಡಿಂಗ್ ಮೆಗ್ಗರ್ ಹಾಕಿಸಿ.

ಇಳಕಲ್ ಹುಡುಗ:
ನಮ್ಮ ಮನೇಲಿ ಎರವಲು ನ್ಯೂಟ್ರಲ್ ಇದೆಯಾ ಅಂತ ಬಿಚ್ಚದೇ ತಿಳಿಯುವುದು ಹೇಗೆ? ಮತ್ತೆ ನಮ್ಮಲ್ಲಿ ಒಮ್ಮೊಮ್ಮೆ ಬೇರೆ ಕೋಣೆಗಳ ಲೈಟೆಲ್ಲ ಝಗ್ ಅಂತ ಜಾಸ್ತಿ ಆಗಿ, ಅದೇ ಹೊತ್ತಿಗೆ ಅಡುಗೆ ಮನೆದು ಮಂದ ಆಗುತ್ತೆ. ಅದೂ ಇದೇನಾ?

ಪರ್ಮಿಟ್ ವೈರ್‌ಮನ್, ವಿಜಯಪುರ:
ಎರಡನೆಯದು ಮೊದಲು. ನಿಮ್ಮದು ತ್ರೀ ಫೇಸ್ ಕನೆಕ್ಷನ್ ಇರಬೇಕು. ಕೆಲವು ಲೈಟ್ ಜಾಸ್ತಿ, ಕೆಲವು ಮಂದ ಅಂದರೆ ಮೇನ್ ನ್ಯೂಟ್ರಲ್ಲೇ ಸಡಿಲ. ಟಿವಿ, ಫ್ರಿಜ್ ಒಂದೇ ಏಟಿಗೆ ಹೋಗುತ್ತವೆ. ಈಗಲೇ ಮೇನ್ ಇಳಿಸಿ 1912ಕ್ಕೆ ಫೋನ್ ಮಾಡಿ. ಕಂಬದಿಂದ ಮೀಟರಿನವರೆಗಿನದು ಹೆಸ್ಕಾಂನವರು ಬಂದು ನೋಡುತ್ತಾರೆ, ಮೀಟರಿನಿಂದ ಒಳಗಿನದಕ್ಕೆ ವೈರ್‌ಮನ್ ಬೇಕು.

ಎರವಲು ನ್ಯೂಟ್ರಲ್ಲಿಗೆ ಕ್ಲ್ಯಾಂಪ್ ಮೀಟರ್ (ವೈರ್ ಬಿಚ್ಚದೇ ಕರೆಂಟ್ ಅಳೆಯುವುದು) ಇರುವವರನ್ನು ಕರೆಯಿರಿ. ಡಿಬಿಯಲ್ಲಿ (ಎಂಸಿಬಿಗಳಿರುವ ಪೆಟ್ಟಿಗೆ) ಒಂದು ಲೈನಿನ ಕೆಂಪು, ಕಪ್ಪು ಎರಡನ್ನೂ ಕೂಡಿಸಿ ಮೀಟರಿನ ದವಡೆಯೊಳಗೆ ಹಿಡಿಯಬೇಕು. ಮನೆಯಲ್ಲಿ ಇಸ್ತ್ರಿ, ರಾಡ್, ಮಿಕ್ಸರ್ ಒಂದೊಂದಾಗಿ ಹಚ್ಚುತ್ತಾ ಹೋಗಿ. ಹೋದದ್ದು ಬಂದದ್ದು ಒಂದನ್ನೊಂದು ಕಳೆದು ಮೀಟರ್ ಸೊನ್ನೆ ತೋರಿಸಬೇಕು. ಯಾವುದನ್ನು ಹಚ್ಚಿದಾಗ ಆಂಪಿಯರ್ ಎದ್ದಿತೋ ಅದರ ಸಾಕೆಟ್ ಹಿಂದೆ ನೋಡಿ. ಇನ್ವರ್ಟರ್ ಲೈನನ್ನೂ ಹೀಗೇ ನೋಡಿಸಿ, ಅಲ್ಲಿ ಬೆರೆಸಿರುವುದು ಇನ್ನೂ ಜಾಸ್ತಿ.

ಇಳಕಲ್ ಹುಡುಗ:
ಮೇನ್ ಇಳಿಸಿದೆ. ಫೋನ್ ಮಾಡಿದೆ. ಮೊಬೈಲ್ ಚಾರ್ಜ್ ಇರುವ ತನಕ ಇಲ್ಲೇ ಇರುತ್ತೇನೆ.